ಕಲ್ಲಿನಂಥ ಗಿಡ, ಹಿಂಗಾರಿ ಲೆಕ್ಕ

ಕೊಪ್ಪಳದಲ್ಲಿ ನಿಂತು "ನಾನು ಕಲ್ಲಿನಂಥ ಗಿಡ ಸಾಕಿದ್ದೇನೆ" ಅಂದರೆ ಜನ ನಗುತ್ತಾರೆ. ನಗುವುದು ಸರಿಯೇ. ಈ ಊರಿನಲ್ಲಿ ಯಾವ ಕಡೆ ಮುಖ ಮಾಡಿದರೂ ಕಲ್ಲು. ಕೋಟೆ ಇರುವುದು ಕಲ್ಲುಗುಡ್ಡದ ಮೇಲೆ. ಅಶೋಕನ ಶಾಸನ ಇರುವುದು ಗವಿಮಠದ ಬಂಡೆ ಮೇಲೆ, ಪಾಲ್ಕಿಗುಂಡಿನ ಬಂಡೆ ಮೇಲೆ. ಗಂಗಾವತಿ ದಾರಿ ಹಿಡಿದರೆ ಹಿರೇಬೆಣಕಲ್ ಗುಡ್ಡದಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಮನೆಗಳು. ಆನೆಗೊಂದಿ, ಹಂಪಿ ಕಡೆಯ ಗುಂಡುಗಳಂತೂ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. "ಇಷ್ಟು ಸಾಲಲಿಲ್ಲೇನ್ರೀ, ರೊಕ್ಕಾ ಕೊಟ್ಟು ಮತ್ತ ಕಲ್ಲು ತರ್ಸೀರಿ?" ಅಂತ ಪಕ್ಕದ ಮನೆಯ ಕಾಕಾ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಕುಂಡ ತೋರಿಸಿದರೂ ಅವರಿಗೆ ಗಿಡ ಕಾಣಲಿಲ್ಲ. ತುಂಗಭದ್ರೆಯ ಸಣ್ಣ ಹರಳುಗಳನ್ನು ಮೇಲೆ ಹರಡಿದ್ದೆ. ಅವುಗಳ ನಡುವೆ ಬೆರಳಿಟ್ಟು ತೋರಿಸಬೇಕಾಯಿತು.

ಗಿಡದ ಹೆಸರು ಲಿಥಾಪ್ಸ್. ಕಾಂಡ ಕಾಣುವುದಿಲ್ಲ, ಕೊಂಬೆ ಇಲ್ಲ, ಮುಳ್ಳಿಲ್ಲ. ಇರುವುದು ಎರಡೇ ಎಲೆ. ಆ ಎರಡೂ ದಪ್ಪಗೆ ಊದಿಕೊಂಡು, ಒಂದಕ್ಕೊಂದು ಅಂಟಿ, ಮೇಲೆ ಚಪ್ಪಟೆಯಾಗಿ ನಿಂತಿರುತ್ತವೆ. ನಡುವೆ ಒಂದು ಸೀಳು. ದೊಡ್ಡದು ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ಅಗಲ. ಬೂದಿ, ಕಂದು, ಇಟ್ಟಿಗೆ ಕೆಂಪು, ಮಾಸಲು ಹಸಿರು, ಕೆನೆ, ಹೀಗೆ ಬಣ್ಣ. ಮೇಲೆ ಗೆರೆ, ಚುಕ್ಕೆ, ಒಡಕಿನಂಥ ಚಿತ್ತಾರ. ಇದರ ಊರು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣ ಬಯಲು. ಅಲ್ಲಿ ಗಿಡದ ಬಹುಪಾಲು ನೆಲದೊಳಗೇ ಇರುತ್ತದೆ. ತಲೆ ಮಾತ್ರ ನೆಲದ ಮಟ್ಟಕ್ಕೆ. ಬರ ಜೋರಾದರೆ ಕುಗ್ಗಿ ಇನ್ನೂ ಒಳಗೆ ಇಳಿಯುತ್ತದೆ, ಮೇಲೆ ಮಣ್ಣು ಮುಚ್ಚಿಕೊಳ್ಳುತ್ತದೆ.

ಮಣ್ಣೊಳಗೆ ಇದ್ದರೆ ಬಿಸಿಲು ಸಿಗುವುದು ಹೇಗೆ? ಈ ಗಿಡದ ಬಗ್ಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ ಇದೇ. ಎಲೆಯ ಚಪ್ಪಟೆ ತಲೆಯಲ್ಲಿ ಅಲ್ಲಲ್ಲಿ ಹಸಿರೇ ಇಲ್ಲದ, ಅರೆ ಪಾರದರ್ಶಕ ಜಾಗಗಳಿವೆ. ಇವನ್ನು ಕಿಟಕಿ ಅನ್ನುತ್ತಾರೆ. ಬೆಳಕು ಅಲ್ಲಿಂದ ಇಳಿದು, ನೀರು ತುಂಬಿದ ಒಳಭಾಗವನ್ನು ಹಾಯ್ದು, ನೆಲದೊಳಗಿನ ಒಳಗೋಡೆಯ ಹಸಿರಿಗೆ ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಅದರ ಉರಿ ಅರ್ಧ ಇಳಿದಿರುತ್ತದೆ. ನಮ್ಮ ಮರಗಿಡಗಳೆಲ್ಲ ಎಲೆಯನ್ನು ಬಿಸಿಲಿಗೆ ಚಾಚುತ್ತವೆ. ಇದು ಬಿಸಿಲನ್ನೇ ನೆಲಮಾಳಿಗೆಗೆ ಕರೆಸಿಕೊಳ್ಳುತ್ತದೆ.

ಹೊರಗಿನವರ ಕಣ್ಣಿಗೆ ಇದು ಮೊದಲು ಬಿದ್ದದ್ದು 1811ರಲ್ಲಿ. ವಿಲಿಯಂ ಬರ್ಚೆಲ್ ಅಂತ ಒಬ್ಬ ಇಂಗ್ಲಿಷ್ ಸಸ್ಯಪ್ರಿಯ. ಎತ್ತಿನ ಗಾಡಿ ಕಟ್ಟಿಕೊಂಡು ದಕ್ಷಿಣ ಆಫ್ರಿಕಾದ ಒಳನಾಡು ಸುತ್ತುತ್ತಿದ್ದ. ಪ್ರೀಸ್ಕಾ ಎಂಬ ಊರಿನ ಹತ್ತಿರ, ಸೆಪ್ಟೆಂಬರಿನ ಒಂದು ದಿನ, ನೆಲದ ಮೇಲಿದ್ದ ವಿಚಿತ್ರ ಆಕಾರದ ಹರಳೊಂದನ್ನು ಎತ್ತಿಕೊಳ್ಳಲು ಬಗ್ಗಿದ. ಅದು ಗಿಡವಾಗಿತ್ತು. ಆ ಪ್ರವಾಸದಲ್ಲಿ ಅವನು ಕೂಡಿಸಿದ ಸಸ್ಯ ಮಾದರಿಗಳು ಸುಮಾರು 50,000. ಅಂಥ ಕಣ್ಣಿಗೂ ಇದು ಮೊದಲು ಕಲ್ಲಾಗಿಯೇ ಕಂಡಿತು, ನಮ್ಮ ಕಾಕಾ ಯಾವ ಲೆಕ್ಕ! ಆಮೇಲೆ ಹೆಚ್ಚೂಕಮ್ಮಿ ನೂರು ವರ್ಷ ಈ ಗಿಡದ ಸುದ್ದಿಯೇ ಇರಲಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಎನ್. ಇ. ಬ್ರೌನ್ ಇದನ್ನು ಬೇರೆಯದೇ ಕುಲವಾಗಿ ಗುರುತಿಸಿದ್ದು 1922ರಲ್ಲಿ.

ಇದರ ಜಾತಿಗಳು ಸುಮಾರು 40ರ ಒಳಗೇ. ಆದರೆ ಒಂದೇ ಜಾತಿ ಬೇರೆ ಬೇರೆ ಗುಡ್ಡಗಳಲ್ಲಿ ಬೇರೆ ಬೇರೆ ಬಣ್ಣ. ಸುತ್ತಲ ಕಲ್ಲು ಹೇಗೋ ಗಿಡವೂ ಹಾಗೆ. ಇದನ್ನೆಲ್ಲ ಊರೂರು ತಿರುಗಿ ಪಟ್ಟಿ ಮಾಡಿದವರು ಡೆಸ್ಮಂಡ್ ಕೋಲ್ ಮತ್ತು ಅವರ ಹೆಂಡತಿ ನೌರೀನ್. ತಮಾಷೆ ಅಂದರೆ ಕೋಲ್ ಸಸ್ಯವಿಜ್ಞಾನಿ ಅಲ್ಲವೇ ಅಲ್ಲ. ಸೆಟ್ಸ್ವಾನಾ ಭಾಷೆಗೆ ವ್ಯಾಕರಣ ಬರೆದ ಭಾಷಾ ಪ್ರಾಧ್ಯಾಪಕ. ಗಿಡ ಸಿಕ್ಕ ಒಂದೊಂದು ಜಾಗಕ್ಕೂ ಒಂದೊಂದು ನಂಬರ್ ಕೊಟ್ಟರು. ಅಂಥ ನಂಬರು ಸುಮಾರು 400 ಇವೆ. ಇವತ್ತಿಗೂ ಒಳ್ಳೆಯ ಬೀಜದ ಪೊಟ್ಟಣದ ಮೇಲೆ ಜಾತಿಯ ಹೆಸರಿನ ಜೊತೆ ಆ ನಂಬರ್ ಇರುತ್ತದೆ. ಅದನ್ನು ನೋಡಿದರೆ ಬೀಜದ ತಾಯಿಬೇರು ಯಾವ ಊರಿನದು ಅಂತ ಗೊತ್ತಾಗುತ್ತದೆ.

ನನ್ನ ಕುಂಡಗಳಲ್ಲಿ ಜಾಸ್ತಿ ಇರುವುದು ಲಿಥಾಪ್ಸ್ ಆಕಂಪಿಯೇ. ಕೆಂಗಂದು ಬಣ್ಣ, ಉಳಿದವಕ್ಕಿಂತ ದೊಡ್ಡದು, ಸ್ವಲ್ಪ ಗಟ್ಟಿ ಜೀವ. 1929ರ ಸುಮಾರಿಗೆ ಹ್ವಾನಿತಾ ಆಕಂಪ್ ಎಂಬ ಹುಡುಗಿಗೆ ತಂದೆಯ ಹೊಲದಲ್ಲಿ ಸಿಕ್ಕಿದ್ದು, ಅವಳ ಮನೆತನದ ಹೆಸರೇ ಗಿಡಕ್ಕೆ ಬಂತು. ಆ ಹೊಲ ಇದ್ದದ್ದು ಪೋಸ್ಟ್‌ಮಾಸ್‌ಬರ್ಗ್ ಎಂಬ ಊರಿನ ಹತ್ತಿರ. ಆ ಸೀಮೆ ಏನಕ್ಕೆ ಹೆಸರುವಾಸಿ ಗೊತ್ತೇ? ಕಬ್ಬಿಣದ ಅದಿರಿಗೆ, ಮ್ಯಾಂಗನೀಸಿಗೆ! ಬಳ್ಳಾರಿ-ಸಂಡೂರಿನವರಿಗೆ ಇದಕ್ಕಿಂತ ಪರಿಚಯದ ಜೋಡಿ ಇನ್ನೊಂದಿಲ್ಲ. ಆಕಂಪಿಯೇ ಬೆಳೆಯುವುದು ಆ ಕೆಂಪು ಕಬ್ಬಿಣಗಲ್ಲಿನ ಚೂರುಗಳ ನಡುವೆ, ಅದೇ ಬಣ್ಣ ಹೊತ್ತುಕೊಂಡು. ಸಂಡೂರಿನ ಗುಡ್ಡದ ಪಟ್ಟೆಪಟ್ಟೆ ಕಲ್ಲಿನ ತುಣುಕನ್ನು ಅದರ ಪಕ್ಕ ಇಟ್ಟರೆ ಬಣ್ಣ ಹೇಗೆ ಹೊಂದುತ್ತದೆ ಅಂತೀರಿ.

ಇಷ್ಟು ಕೇಳಿದವರು ಒಂದು ತೀರ್ಮಾನಕ್ಕೆ ಬರುತ್ತಾರೆ. ಕಲ್ಲು ಇದೆ, ಬಿಸಿಲು ಇದೆ, ಬರ ಇದೆ, ಮತ್ತೇನು ಬೇಕು? ಬೆಂಗಳೂರಿನ ಗಿಡದ ಗೆಳೆಯರಂತೂ "ನಿಮಗೇನಪ್ಪಾ, ಸುಮ್ನೆ ಮಾಳಿಗೆ ಮೇಲೆ ಇಟ್ಟರೆ ಬೆಳೆಯುತ್ತೆ" ಅನ್ನುತ್ತಾರೆ. ಬೆಳೆಯುವುದಿಲ್ಲ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಇಟ್ಟರೆ ಬೇಯುತ್ತದೆ, ಆಗಸ್ಟಿನಲ್ಲಿ ಇಟ್ಟರೆ ಕೊಳೆಯುತ್ತದೆ. ಹಾಗಾಗಲು ಕಾರಣ ಹುಡುಕುತ್ತಾ ಹೋದಾಗ ನಾನು ಗಿಡಕ್ಕಿಂತ ಜಾಸ್ತಿ ನಮ್ಮ ಹವೆಯನ್ನೇ ನೋಡಬೇಕಾಯಿತು.

ಮೊದಲು ಮಳೆ. ಕೊಪ್ಪಳ ಬರದ ಜಿಲ್ಲೆ ಅಂತ ಹೆಸರು ಮಾಡಿದೆ. ಆದರೂ ವರ್ಷಕ್ಕೆ 600 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ. ಬರ್ಚೆಲ್‌ಗೆ ಗಿಡ ಸಿಕ್ಕ ಪ್ರೀಸ್ಕಾ ಸೀಮೆಯಲ್ಲಿ ಬೀಳುವುದು 200ರ ಆಚೀಚೆ. ನಮ್ಮ ಬರಗಾಲ ಅವರಿಗೆ ಸುಗ್ಗಿ. ನಮ್ಮ ಕಷ್ಟ ಇರುವುದು ಮಳೆಯ ಒಟ್ಟು ಲೆಕ್ಕದಲ್ಲಿ ಕಡಿಮೆ, ಅದು ಬೇಕಾದಾಗ ಬರದೆ ಬೇಡವಾದಾಗ ಸುರಿಯುವುದರಲ್ಲಿ ಜಾಸ್ತಿ. ಸೆಪ್ಟೆಂಬರಿನಲ್ಲಿ ಒಮ್ಮೆ ಕೂತಿತೆಂದರೆ ಎರಡು ಮೂರು ದಿನ ಎದ್ದೇಳದ ಮಳೆಯನ್ನು ಲಿಥಾಪ್ಸ್ ಕಂಡೇ ಇಲ್ಲ.

ಎರಡನೆಯದು ರಾತ್ರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಏಪ್ರಿಲ್-ಮೇನಲ್ಲಿ ಹಗಲು 40 ಡಿಗ್ರಿ ದಾಟುವುದು ನಮಗೆ ಮಾಮೂಲು. (ರಾಯಚೂರಿನವರು ಇದನ್ನು ಓದಿ "ಅಷ್ಟೇನಾ" ಅಂತಾರೆ, ಇರಲಿ.) ಹಗಲಿನ ಕಾವನ್ನು ಈ ಗಿಡ ಹೇಗೋ ತಡೆದುಕೊಳ್ಳುತ್ತದೆ. ತಡೆಯಲಾರದ್ದು ರಾತ್ರಿಯ ಕಾವನ್ನು. ಪೋಸ್ಟ್‌ಮಾಸ್‌ಬರ್ಗ್ ಇರುವುದು ಸಮುದ್ರಮಟ್ಟದಿಂದ 1,200 ಮೀಟರಿಗೂ ಮೇಲೆ. ಹಗಲು ಎಷ್ಟೇ ಸುಟ್ಟರೂ ರಾತ್ರಿ ಅಲ್ಲಿ ನೆಲ ತಣ್ಣಗಾಗುತ್ತದೆ. ನಾವಿರುವುದು 500 ಮೀಟರ್ ಚಿಲ್ಲರೆ ಎತ್ತರದಲ್ಲಿ. ನಮ್ಮ ಬಂಡೆಗಳು ಸಂಜೆಯಾದ ಮೇಲೆ ಹಗಲೆಲ್ಲ ಕುಡಿದ ಕಾವನ್ನು ಹೊರಗೆ ಬಿಡುತ್ತಾ ಕೂರುತ್ತವೆ. ರಾತ್ರಿ ಹತ್ತಕ್ಕೂ ಮಾಳಿಗೆಯ ಸಿಮೆಂಟು ಬರಿಗಾಲಿಗೆ ಬಿಸಿ.

ರಾತ್ರಿಗೂ ಗಿಡಕ್ಕೂ ಏನು ಸಂಬಂಧ ಅಂತೀರಾ? ಬಹುತೇಕ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ಒಳಗಿನ ನೀರೂ ಹೊರಗೆ ಹೋಗುತ್ತದೆ. ಲಿಥಾಪ್ಸ್ ಆ ಕೆಲಸವನ್ನು ರಾತ್ರಿ ಮಾಡುತ್ತದೆ. ತಂಪು ಹೊತ್ತಿನಲ್ಲಿ ರಂಧ್ರ ತೆರೆದು, ಎಳೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲ ಎಂಬ ಹುಳಿಯಾಗಿ ಕೂಡಿಟ್ಟು, ಬೆಳಗಾದರೆ ಬಾಗಿಲು ಹಾಕಿಕೊಂಡು ಒಳಗೇ ಅಡುಗೆ ಮಾಡುತ್ತದೆ. ರಾತ್ರಿಯೂ 25 ಡಿಗ್ರಿಯ ಆಸುಪಾಸಿನಲ್ಲೇ ನಿಂತರೆ ಈ ಏರ್ಪಾಡು ಕೆಡುತ್ತದೆ. ರಂಧ್ರ ಸರಿಯಾಗಿ ತೆರೆಯುವುದಿಲ್ಲ, ಗಿಡ ಕೆಲಸ ನಿಲ್ಲಿಸಿ ಮಲಗುತ್ತದೆ. ಮಲಗಿದ ಗಿಡದ ಬೇರು ನೀರು ಕುಡಿಯುವುದಿಲ್ಲ. ಆಗ ನೀರು ಹಾಕಿದರೆ ಆ ನೀರು ಬಿಸಿ ಮಣ್ಣಿನಲ್ಲಿ ಹಾಗೇ ನಿಂತು ಶಿಲೀಂಧ್ರಕ್ಕೆ ಹಬ್ಬ.

ಈ ರಾತ್ರಿಪಾಳಿಯ ರುಚಿ ನಿಮಗೆ ಗೊತ್ತಿಲ್ಲದೆಯೇ ಗೊತ್ತಿರಬಹುದು. ಹೊಲದ ಬದುವಿನಲ್ಲಿ ಸಿಗುವ ಗೋಣಿ ಸೊಪ್ಪು ಇದೆಯಲ್ಲ, ನೀರಿಲ್ಲದೆ ಒಣಗುವಾಗ ಅದೂ ಇದೇ ದಾರಿ ಹಿಡಿಯುತ್ತದೆ. ರಾತ್ರಿ ಹುಳಿ ಕೂಡಿಟ್ಟು ಹಗಲು ಖರ್ಚು ಮಾಡುತ್ತದೆ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಕಿತ್ತ ಸೊಪ್ಪು ಹುಳಿ ಜಾಸ್ತಿ, ಸಂಜೆ ಕಿತ್ತದ್ದು ಸಪ್ಪೆ. ಬೇಸಿಗೆಯಲ್ಲಿ ಒಮ್ಮೆ ಎರಡು ಹೊತ್ತೂ ಕಿತ್ತು ಬಾಯಿಗೆ ಹಾಕಿಕೊಂಡು ನೋಡಿ. ಪುಸ್ತಕದಲ್ಲಿ ಎಷ್ಟು ಓದಿದರೂ ನನಗೆ ವಿಷಯ ಮನಸ್ಸಿಗೆ ಇಳಿದದ್ದು ನಾಲಿಗೆಯಿಂದ.

ಮನೆಯಲ್ಲಿ ಈ ಗಿಡಕ್ಕೆ ದೊಡ್ಡ ವಿರೋಧ ಪಕ್ಷ ಅಂದರೆ ಅವ್ವ. ಅವ್ವನ ತವರು ಯಲಬುರ್ಗಾ ಕಡೆಯ ಎರಿ ಸೀಮೆ, ಅಂದರೆ ಕಪ್ಪು ಮಣ್ಣಿನ ನಾಡು. ಸಣ್ಣವಳಿದ್ದಾಗ ತಲೆ ಮೇಲೆ ಕೊಡ ಹೊತ್ತು ನೀರು ತಂದವಳು. ಗಿಡಕ್ಕೆ ನೀರು ಹಾಕಬಾರದು ಅನ್ನುವ ಮಾತನ್ನು ಅವಳು ಒಪ್ಪುವುದು ಹೇಗೆ? "ಮನ್ಯಾಗ ನೀರ ಇದ್ದೂ ಹಾಕಬ್ಯಾಡ ಅಂತಿ, ಅದೆಂಥಾ ಗಿಡನೋ ತಮ್ಮಾ?" ಅಂತ ತಿಂಗಳುಗಟ್ಟಲೆ ಗೊಣಗಿದಳು. ನಾನು ಆಫ್ರಿಕಾ, ಮರುಭೂಮಿ, ರಂಧ್ರ, ಆಮ್ಲ ಅಂತ ಏನೇನೋ ಹೇಳಿದೆ. ಯಾವುದೂ ಅವಳ ಕಿವಿಗೆ ಹೋಗಲಿಲ್ಲ.

ಚಳಿಗಾಲದಲ್ಲಿ ಎಲೆ ಬದಲಾಗುವುದನ್ನು ತೋರಿಸಿದೆ. ಈ ಗಿಡ ವರ್ಷಕ್ಕೊಂದು ಜೋಡಿ ಎಲೆ ಮಾಡಿಕೊಳ್ಳುತ್ತದೆ. ಹಳೆ ಜೋಡಿಯ ಹೊಟ್ಟೆಯೊಳಗೆ ಹೊಸ ಜೋಡಿ ಹುಟ್ಟುತ್ತದೆ. ಹಳೆಯದರಲ್ಲಿದ್ದ ನೀರನ್ನೂ ಸತ್ವವನ್ನೂ ಎಳೆದುಕೊಂಡೇ ಬೆಳೆಯುತ್ತದೆ. ಬೇರಿನಿಂದ ಆಗ ಏನೂ ಬೇಕಿಲ್ಲ. ಹೊಸದು ದಪ್ಪಗಾದಂತೆ ಹಳೆಯದು ಸುಕ್ಕಾಗಿ, ತೆಳುವಾಗಿ, ಕೊನೆಗೆ ಒಣ ಕಾಗದದಂತೆ ಪಕ್ಕಕ್ಕೆ ಸರಿಯುತ್ತದೆ. ಅವ್ವ ಸುಮಾರು ಹೊತ್ತು ನೋಡಿದಳು. ಆಮೇಲೆ ಅಂದಳು: "ಇದು ಹಿಂಗಾರಿ ಬೆಳಿ ಐತಲ್ಲೋ ತಮ್ಮಾ. ಒಮ್ಮೆ ನೆಲ ಹಸಿ ಆತಂದ್ರ ಮುಗೀತು, ಮುಂದ ಅದರ ಪಾಡಿಗೆ ಅದು."

ಅವಳು ಹೇಳಿದ್ದು ಬಿಳಿಜೋಳದ ಲೆಕ್ಕ. ಎರಿ ಹೊಲದಲ್ಲಿ ಉತ್ತರಿ, ಹಸ್ತ ಮಳೆ ನೋಡಿಕೊಂಡು ಜೋಳ ಬಿತ್ತುತ್ತಾರೆ. ಅಲ್ಲಿಂದ ಮುಂದೆ ಮಳೆ ಬಂದರೂ ಸರಿ, ಬರದಿದ್ದರೂ ಸರಿ. ನೆಲದಲ್ಲಿ ಉಳಿದ ಹಸಿ, ಮೇಲಿಂದ ಥಂಡಿ, ಇಷ್ಟರಲ್ಲೇ ತೆನೆ ಕಟ್ಟಿ ಸಂಕ್ರಾಂತಿ ದಾಟಿದ ಮೇಲೆ ಕೊಯ್ಲಿಗೆ ಬರುತ್ತದೆ. ನಾನು ಅಲ್ಲಿಯವರೆಗೆ ಲಿಥಾಪ್ಸನ್ನು ಬೇಸಿಗೆಯ ಗಿಡ ಅಂತಲೇ ನೋಡುತ್ತಿದ್ದೆ. ಮರುಭೂಮಿ ಅಂದರೆ ಬೇಸಿಗೆ, ಅಲ್ವಾ? ಆದರೆ ನಮ್ಮ ನೆಲದಲ್ಲಿ ಅದು ಎಚ್ಚರವಾಗುವುದು ಜೋಳ ಬಿತ್ತುವಾಗ, ಹೊಸ ಎಲೆ ಬಲಿಯುವುದು ಜೋಳ ಬಲಿಯುವಾಗ. ಇಂಗ್ಲೆಂಡಿನವರು, ಅಮೆರಿಕದವರು ಬರೆದ ನೀರಿನ ವೇಳಾಪಟ್ಟಿಗಳನ್ನು ಆವತ್ತೇ ಬದಿಗಿಟ್ಟೆ. ಅವರ ಚಳಿಗಾಲವೂ ನಮ್ಮದಲ್ಲ, ಅವರ ಬೇಸಿಗೆಯೂ ನಮ್ಮದಲ್ಲ. ಈಗ ನಮ್ಮ ಮನೆಯ ವೇಳಾಪಟ್ಟಿ ಮಳೆ ನಕ್ಷತ್ರದ ಮೇಲೆ ನಡೆಯುತ್ತದೆ.

ಹಸ್ತದ ಹೊತ್ತಿಗೆ ರಾತ್ರಿ ಸ್ವಲ್ಪ ತಂಪಾಗಲು ಶುರು. ಆಗ ಮೊದಲ ದೊಡ್ಡ ನೀರು. ಕುಂಡದ ತಳದಿಂದ ಹರಿಯುವಷ್ಟು ಹಾಕಬೇಕು, ಚಿಮುಕಿಸಿ ಬಿಡಬಾರದು. ಆಮೇಲೆ ಮಣ್ಣು ಪೂರ್ತಿ ಒಣಗಿ, ಗಿಡದ ಮಗ್ಗುಲು ಒತ್ತಿದರೆ ಮೆತ್ತಗೆ ಅನ್ನಿಸುವವರೆಗೆ ಕಾಯಬೇಕು. ಚಿತ್ತಿ, ಸ್ವಾತಿ, ವಿಶಾಖ, ಅಂದರೆ ಅಕ್ಟೋಬರ್-ನವೆಂಬರ್ ಇದರ ಒಳ್ಳೆಯ ಕಾಲ. ಹೂ ಬರುವುದೂ ಆಗಲೇ. ಹೂ ಬಾಡಿದ ಮೇಲೆ ಸೀಳಿನೊಳಗೆ ಹೊಸ ಎಲೆಯ ತುದಿ ಇಣುಕುತ್ತದೆ. ಅಲ್ಲಿಂದ ನೀರು ಬಂದ್. ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ಬಂದ ನಂಟರು "ಅಯ್ಯೋ ಗಿಡ ಒಣಗ್ಯಾವಲ್ರೀ" ಅಂದರೂ ಕರಗಬಾರದು. ಆಗ ನೀರು ಹಾಕಿದರೆ ಹಳೆ ಎಲೆ ಸಾಯುವುದನ್ನು ಮರೆತು ಮತ್ತೆ ಊದಿಕೊಳ್ಳುತ್ತದೆ. ಹಳೆಯದು, ಹೊಸದು ಎರಡೂ ಒಂದರ ಮೇಲೊಂದು ಅಟ್ಟ ಕಟ್ಟಿಕೊಂಡು ಗಿಡದ ರೂಪವೇ ಕೆಡುತ್ತದೆ. ಇನ್ನೂ ಜಾಸ್ತಿ ಹಾಕಿದರೆ ಎಲೆ ತಡೆಯಲಾರದೆ ಬಿರಿಯುತ್ತದೆ.

ಯುಗಾದಿ ಹೊತ್ತಿಗೆ ಹಳೆ ಎಲೆ ಪೂರ್ತಿ ಒಣಗಿರುತ್ತದೆ. ಒಂದು ನೀರು. ಅಲ್ಲಿಂದ ರೋಹಿಣಿ, ಮೃಗಶಿರದವರೆಗೆ ನಿದ್ದೆ. ತೀರಾ ಸುಕ್ಕಾಗಿ ಕುಗ್ಗಿದರೆ ಮಾತ್ರ ಕತ್ತಲಾದ ಮೇಲೆ ಕುಂಡದ ಅಂಚಿಗೆ ನಾಲ್ಕು ಚಮಚ ನೀರು, ಮರುದಿನ ಮಧ್ಯಾಹ್ನದೊಳಗೆ ಒಣಗುವಷ್ಟು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಬಿಡುತ್ತದೆ. ಕುಕನೂರು, ಯಲಬುರ್ಗಾ ಬಯಲಿನಲ್ಲಿ ಗಾಳಿಯಂತ್ರದ ಕಂಬಗಳು ಸುಮ್ನೆ ಎದ್ದಿಲ್ಲ. ಆ ಗಾಳಿ ಲಿಥಾಪ್ಸ್‌ಗೆ ದೇವರು ಕೊಟ್ಟ ಫ್ಯಾನು. ಕರಾವಳಿಯವರಿಗೆ, ಮಲೆನಾಡಿನವರಿಗೆ ಇಲ್ಲದ ಭಾಗ್ಯ ನಮಗೆ ಇರುವುದು ಇದೊಂದೇ. ಮಳೆ ತಡೆಯಲು ಮೇಲೆ ಶೀಟು ಇರಲಿ, ಪಕ್ಕಗಳು ತೆರೆದಿರಲಿ. ಪಕ್ಕಗಳನ್ನೂ ಪ್ಲಾಸ್ಟಿಕ್ಕಿನಿಂದ ಮುಚ್ಚಿ "ಗ್ರೀನ್‌ಹೌಸ್" ಮಾಡುವವರನ್ನು ನೋಡಿದ್ದೇನೆ. ಈ ಊರಿನಲ್ಲಿ ಅದು ಇಡ್ಲಿ ಪಾತ್ರೆ.

ಮಣ್ಣಿನ ವಿಷಯದಲ್ಲಿ ನಾನು ಹಟಮಾರಿ. ಎರಿ ಮಣ್ಣು ಒಂದು ಹಿಡಿಯೂ ಬೇಡ. ಜೋಳಕ್ಕೆ ಅದರ ಯಾವ ಗುಣ ವರವೋ, ಆ ಹಸಿ ಹಿಡಿಯುವ ಗುಣವೇ ಕುಂಡದಲ್ಲಿ ಗಿಡವನ್ನು ಕೊಲ್ಲುತ್ತದೆ. ಜೋಳ ನೀರನ್ನು ನೆಲದಲ್ಲಿ ಇಟ್ಟುಕೊಳ್ಳುತ್ತದೆ, ಲಿಥಾಪ್ಸ್ ಎಲೆಯಲ್ಲಿ. ಅವ್ವನ ಹೋಲಿಕೆ ಕಾಲಕ್ಕೆ ಸರಿ, ಮಣ್ಣಿಗೆ ಅಲ್ಲ. ಇದಕ್ಕೆ ಮುಕ್ಕಾಲು ಪಾಲು ಕಲ್ಲು ಬೇಕು. ಪರದೇಶದವರು ಪ್ಯೂಮಿಸ್ ಅನ್ನುತ್ತಾರೆ, ಜ್ವಾಲಾಮುಖಿಯಿಂದ ಬರುವ ಹಗುರ ತೂತುಗಲ್ಲು. ಕೊಪ್ಪಳದಲ್ಲಿ ಪ್ಯೂಮಿಸ್ ಎಲ್ಲಿ ತರುವುದು? ಕ್ರಷರಿನಲ್ಲಿ ಸಿಗುವ ಜೋಳದ ಕಾಳಿನಷ್ಟು ಸಣ್ಣ ಗ್ರಾನೈಟ್ ಚೂರು ಸಾಕು. ಜರಡಿ ಹಿಡಿದು ಪುಡಿ ತೆಗೆದು, ತೊಳೆದು ಬಳಸಬೇಕು. ಪುಡಿ ಉಳಿದರೆ ಮಳೆಗಾಲದಲ್ಲಿ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಗ್ರಾನೈಟ್ ನೀರನ್ನು ಒಂದಿಷ್ಟೂ ಹೀರುವುದಿಲ್ಲ. ಆದ್ದರಿಂದ ಜೊತೆಗೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು, ಸ್ವಲ್ಪ ಗರಸು, ಒಂದು ಪಾಲು ಮಸಾರಿ (ಕೆಂಪು) ಮಣ್ಣು. ಗೊಬ್ಬರ ಬೇಡ. ಗೊಬ್ಬರ ಹಾಕಿದ ಲಿಥಾಪ್ಸ್ ದಪ್ಪಗೆ ಹೊಳೆಯುತ್ತದೆ, ಒಂದು ಮಳೆಗಾಲ ದಾಟುವುದಿಲ್ಲ.

ಕುಂಡ ಆಳವಿರಬೇಕು. ಗಿಡ ಗುಂಡಿಯಷ್ಟಿದ್ದರೂ ಬೇರು ನೇರ ಕೆಳಗಿಳಿಯುತ್ತದೆ. 10 ಸೆಂಟಿಮೀಟರಿಗಿಂತ ಕಡಿಮೆ ಆಳದ ಅಲಂಕಾರದ ತಟ್ಟೆಗಳಲ್ಲಿ ನೆಟ್ಟು ಫೋಟೋ ಹಾಕುವವರ ಗಿಡಗಳು ಮುಂದಿನ ವರ್ಷದ ಫೋಟೋದಲ್ಲಿ ಇರುವುದಿಲ್ಲ, ಗಮನಿಸಿ. ಮಣ್ಣಿನ ಕುಂಡ ಒಳ್ಳೆಯದು. ಕಪ್ಪು ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಬೆಳಗಿನ ಹನ್ನೊಂದರವರೆಗಿನ ಬಿಸಿಲು ನೇರ ಬೀಳಲಿ. ಆಮೇಲೆ ಬೇಸಿಗೆಯಲ್ಲಿ ಹಸಿರು ಪರದೆ ಇರಲೇಬೇಕು. ಹಾಗಂತ ಒಳಗೆ ಟಿವಿ ಪಕ್ಕ ಇಟ್ಟರೆ ಬೆಳಕು ಹುಡುಕುತ್ತಾ ಉದ್ದವಾಗಿ ಮೆತ್ತಗಾಗುತ್ತದೆ. ಅದು ವಾಪಸ್ ಗಿಡ್ಡ ಆಗುವುದಿಲ್ಲ, ಮುಂದಿನ ಎಲೆ ಜೋಡಿಗೇ ಕಾಯಬೇಕು.

ನೀರಿನದೂ ಒಂದು ಕತೆ. ನಮ್ಮ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ಕಿಟಕಿ ಮೇಲೆ ಬಿದ್ದರೆ ಕಲೆ. ಅದಕ್ಕೇ ನಾನು ಮಳೆ ನೀರು ಹಿಡಿದಿಡುತ್ತೇನೆ. ಗಿಡದ ಮೇಲೆ ಮಳೆ ಬೀಳದಂತೆ ಶೀಟು ಹಾಕಿ, ಆ ಶೀಟಿನ ಮೇಲೆ ಬಿದ್ದ ಮಳೆಯನ್ನೇ ಡ್ರಮ್ಮಿನಲ್ಲಿ ಹಿಡಿದು, ಎರಡು ತಿಂಗಳು ಬಿಟ್ಟು ಅದೇ ಗಿಡಕ್ಕೆ ಹಾಕುತ್ತೇನೆ. ಅವ್ವ ಇದಕ್ಕೆ ಏನೂ ಅನ್ನುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಅದೇ ಜಾಸ್ತಿ ಕಷ್ಟ.

ಕಾಟ ಕೊಡುವವರಲ್ಲಿ ಹಿಟ್ಟುತಿಗಣೆ ಮೊದಲು. ದಾಳಿಂಬೆ ಬೆಳೆಯುವವರಿಗೆ ಹೇಳಿಕೊಡುವುದೇ ಬೇಡ, ಅದೇ ಬಿಳಿ ಹತ್ತಿಯಂಥ ಹುಳ. ಸೀಳಿನೊಳಗೆ, ಒಣ ಎಲೆಯ ಕೆಳಗೆ, ಬೇರಿನಲ್ಲಿ ಅಡಗಿರುತ್ತದೆ. ಹತ್ತಿ ಕಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಮೇಲಿನದು ಹೋಗುತ್ತದೆ. ಬೇರಿಗೆ ಹತ್ತಿದ್ದರೆ ಗಿಡ ಕಿತ್ತು ತೊಳೆದು ಹೊಸ ಮಣ್ಣಿಗೆ ಹಾಕುವುದೇ ದಾರಿ. ಎರಡನೆಯದು ಅಳಿಲು ಮತ್ತು ಹಕ್ಕಿಗಳು. ಆಫ್ರಿಕಾದಲ್ಲಿ ಮೇಯುವ ಪ್ರಾಣಿಗಳ ಕಣ್ಣು ತಪ್ಪಿಸಲು ಈ ವೇಷ. ನಮ್ಮಲ್ಲೂ ಟಿಟ್ಟಿಭ ಹಕ್ಕಿ ಬಯಲಿನ ಹರಳುಗಳ ನಡುವೆ ಹರಳಿನಂಥದೇ ಮೊಟ್ಟೆ ಇಟ್ಟು ಬದುಕುತ್ತದೆ. ಆದರೆ ಮೇ ತಿಂಗಳಲ್ಲಿ ಬಾಯಾರಿದ ಅಳಿಲಿಗೆ ಯಾವ ವೇಷವೂ ಸಾಲದು, ಒಂದು ಸಲ ಕಚ್ಚಿ ನೀರು ಇದೆ ಅಂತ ತಿಳಿದರೆ ಮುಗಿಯಿತು. ಕುಂಡದ ಮೇಲೆ ತಂತಿಬಲೆ ಹಾಕಿ, ಮಾಳಿಗೆ ಮೇಲೆ ಒಂದು ಬೋಗುಣಿ ನೀರು ಇಡಿ. ಬಲೆಗಿಂತ ಬೋಗುಣಿಯೇ ಹೆಚ್ಚು ಕೆಲಸ ಮಾಡುತ್ತದೆ.

ಗಿಡ ಎಲ್ಲಿ ಕೊಳ್ಳುವುದು ಅಂತ ಕೇಳುವವರಿಗೆ ಎರಡು ಮಾತು. ಆನ್‌ಲೈನಿನಲ್ಲಿ ನೀಲಿ, ನೇರಳೆ, ಕಾಮನಬಿಲ್ಲಿನ ಬಣ್ಣದ ಲಿಥಾಪ್ಸ್ ಬೀಜ ಅಂತ ಮಾರುತ್ತಾರೆ. ನೀಲಿ ಲಿಥಾಪ್ಸ್ ಲೋಕದಲ್ಲೇ ಇಲ್ಲ. ಕೆಂಪು ನೇರಳೆ ಛಾಯೆಯ ಕೆಲವು ತಳಿಗಳಿವೆ, ಅವು ದುಬಾರಿ, ಹತ್ತು ರೂಪಾಯಿಯ ಪೊಟ್ಟಣದಲ್ಲಿ ಬರುವುದಿಲ್ಲ. ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಲಿಥಾಪ್ಸಿನ ಹತ್ತಿರದ ನೆಂಟ ಕೋನೋಫೈಟಮ್ ಅಂತ ಇನ್ನೊಂದು ಪುಟ್ಟ ಗಿಡ ಇದೆ. 2019ರಿಂದ ಈಚೆಗೆ ದಕ್ಷಿಣ ಆಫ್ರಿಕಾದ ಗುಡ್ಡಗಳಿಂದ ಅದನ್ನು ಮೂಟೆಗಟ್ಟಲೆ ಕದ್ದು ಹೊರದೇಶಗಳಿಗೆ ಸಾಗಿಸಿದ್ದಾರೆ. ಅಲ್ಲಿನ ಅಧಿಕಾರಿಗಳು ವಶಪಡಿಸಿಕೊಂಡದ್ದೇ ಲಕ್ಷಗಟ್ಟಲೆ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಗಿಡ ಕೊಂಡವರ ಹುಚ್ಚು ಇದನ್ನು ಇನ್ನಷ್ಟು ಬೆಳೆಸಿತು. ಕೆಲವು ಜಾತಿಗಳು ಒಂದೊಂದೇ ಗುಡ್ಡದಲ್ಲಿ ಇರುವುದರಿಂದ ಆ ಗುಡ್ಡ ಬರಿದಾದರೆ ಜಾತಿಯೇ ಹೋಯಿತು. ಮೈಮೇಲೆ ಗಾಯದ ಗುರುತಿರುವ, ಬೇರು ಕಿತ್ತುಹೋದ, ವಯಸ್ಸಾದ ದೊಡ್ಡ ಗುಂಪು ಗಿಡ ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಕೊಳ್ಳಬೇಡಿ. ಗುಡ್ಡ ಬರಿದಾಗುವುದು ಏನು ಅಂತ ಬಳ್ಳಾರಿ ಸೀಮೆಯ ಪಕ್ಕದ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಬೀಜದಿಂದ ಬೆಳೆಸಿ ಅನ್ನುವುದೇ ನನ್ನ ಸಲಹೆ. ತಡವಾಗುತ್ತದೆ, ಹೂ ನೋಡಲು ಮೂರು ನಾಲ್ಕು ವರ್ಷ ಬೇಕು. ಆದರೆ ನಮ್ಮ ಬಿಸಿಲಿನಲ್ಲೇ ಹುಟ್ಟಿದ ಸಸಿ ಕೊರಿಯರಿನಲ್ಲಿ ಬಂದ ಗಿಡಕ್ಕಿಂತ ಚೆನ್ನಾಗಿ ಬಾಳುತ್ತದೆ. ಸರಿಯಾಗಿ ನೋಡಿಕೊಂಡರೆ 40-50 ವರ್ಷ ಬದುಕುವ ಗಿಡ ಇದು, ಮೂರು ವರ್ಷಕ್ಕೆ ಅವಸರ ಯಾಕೆ?

ಹೂ ಅರಳುವುದು ಮಧ್ಯಾಹ್ನ ಊಟ ಆದ ಮೇಲೆ. ಸೀಳಿನಿಂದ ಒಂದೇ ಹೂ ಎದ್ದು, ಹಳದಿಯೋ ಬಿಳಿಯೋ ತೆಳು ಎಸಳು ಬಿಚ್ಚಿ, ಗಿಡವನ್ನೇ ಮುಚ್ಚಿಬಿಡುತ್ತದೆ. ಸಂಜೆ ಮುಚ್ಚಿ, ಮರುದಿನ ಮತ್ತೆ ಅರಳುತ್ತದೆ. ಆಕಂಪಿಯೇದು ಹಳದಿ. ಕಾಕಾ ನಂಬಿದ್ದು ಆಗಲೇ. ಬೀಜ ಬೇಕೆಂದರೆ ಒಂದು ಗಿಡ ಸಾಲದು. ತನ್ನ ಪರಾಗ ತನಗೆ ಆಗುವುದಿಲ್ಲ. ಅದೇ ಜಾತಿಯ ಎರಡು ಬೇರೆ ಗಿಡ ಒಟ್ಟಿಗೆ ಹೂ ಬಿಟ್ಟಾಗ ಸಣ್ಣ ಕುಂಚದಿಂದ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಮುಟ್ಟಿಸಬೇಕು.

ಕಾಯಿ ಬಲಿಯಲು ತಿಂಗಳುಗಳು ಬೇಕು. ಬಲಿತ ಕಾಯಿ ಕಂದು ಬಣ್ಣದ ಗಟ್ಟಿ ಗುಂಡಿಯಂತಿರುತ್ತದೆ, ಉಗುರಿನಿಂದ ಕೆದಕಿದರೂ ತೆರೆಯದು. ಒಣಗಿದಾಗ ಸಿಡಿಯುವ ಕಾಯಿ ನಮಗೆ ಗೊತ್ತು, ಎಳ್ಳು, ಹೆಸರು ಹಾಗೇ ತಾನೇ. ಇದು ಉಲ್ಟಾ. ಒಣಗಿದ್ದಾಗ ಬಿಗಿಯಾಗಿ ಮುಚ್ಚಿರುತ್ತದೆ, ಒಂದು ಹನಿ ನೀರು ಹಾಕಿದರೆ ನಿಮ್ಮ ಕಣ್ಣೆದುರೇ ಐದಾರು ಬಾಗಿಲು ತೆರೆದು ನಕ್ಷತ್ರದ ಆಕಾರಕ್ಕೆ ಬರುತ್ತದೆ. ಅದರ ನಾಡಿನಲ್ಲಿ ಮಳೆಯ ಹನಿ ಬಿದ್ದು ಬೀಜ ಸುತ್ತ ಸಿಡಿಯುತ್ತವೆ. ನೀರು ಆರಿದರೆ ಉಳಿದ ಬೀಜ ಒಳಗಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಮಳೆ ಬಂದಿದೆ ಅಂತ ಖಾತ್ರಿ ಆಗುವವರೆಗೂ ಬಿತ್ತದ ಗಿಡ! ಅವ್ವನಿಗೆ ಇದನ್ನು ತೋರಿಸಿದ ದಿನ ಅವಳೇ ಚಮಚ ಕಸಿದುಕೊಂಡು ಇನ್ನೂ ಎರಡು ಕಾಯಿಗೆ ನೀರು ಹಾಕಿದಳು.

ಬೀಜ ಗಸಗಸೆಗಿಂತ ಸಣ್ಣ. ಜರಡಿ ಹಿಡಿದ ಮರಳು ಮತ್ತು ಮಸಾರಿ ಬೆರೆಸಿ, ನೀರಿನಲ್ಲಿ ನೆನೆಸಿ, ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ. ಮೇಲೊಂದು ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿಟ್ಟರೆ ಒಂದೆರಡು ವಾರದಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ. ಮೊದಲ ಕೆಲವು ತಿಂಗಳು ಮಾತ್ರ ಮೇಲೆ ಹೇಳಿದ್ದಕ್ಕೆಲ್ಲ ವಿನಾಯಿತಿ. ಮರಿಗೆ ಬರ ತಾಳುವ ಹೊಟ್ಟೆ ಇನ್ನೂ ಬಂದಿರುವುದಿಲ್ಲ, ಮಣ್ಣು ಪೂರ್ತಿ ಒಣಗಲು ಬಿಡಬಾರದು. ದಿನಾ ನೀರು ಹಾಕಲೇಬೇಕು ಅನ್ನುವ ಕೈ ಮನೆಯಲ್ಲಿ ಇದ್ದರೆ ಈ ಕೆಲಸ ಅವರಿಗೇ ಬಿಡಿ. ನಮ್ಮ ಮನೆಯಲ್ಲಿ ಸಸಿತಟ್ಟೆ ಪೂರ್ತಿ ಅವ್ವನ ಖಾತೆ, ದೊಡ್ಡ ಕುಂಡಗಳು ನನ್ನವು. ಅವಳ ಖಾತೆಯ ಬೆಳೆ ನನ್ನದಕ್ಕಿಂತ ಚೆನ್ನಾಗಿದೆ ಅನ್ನುವುದನ್ನು ಇಲ್ಲಿ ಬರೆದೇ ಬಿಡುತ್ತೇನೆ, ಅವಳು ಬ್ಲಾಗ್ ಓದುವುದಿಲ್ಲ.

ಬಿತ್ತುವವರು ಚಿತ್ತಿ ಮಳೆ ಹಿಡಿದು ಬಿತ್ತಿ, ಅಕ್ಟೋಬರ್ ನಡುಭಾಗ ದಾಟಲಿ. ಬೀಜ ಕೈಗೆ ಬಂತು ಅಂತ ಆಗಸ್ಟಿನಲ್ಲೇ ಬಿತ್ತಿದರೆ ಪಾಚಿ ಬೆಳೆಯುತ್ತದೆ, ಗಿಡ ಅಲ್ಲ.